ಕತ್ತಲೆಯನ್ನು ಒಳಗೆ ಬಿಟ್ಟುಕೊಳ್ಳಿ

ಓದುಗರ ಪತ್ರ: ಸಂಪಾದಕರೇ, ಪ್ರಕೃತಿಗೆ ಹೊಂದಿಕೊಂಡು ಆರೋಗ್ಯವಾಗಿ ಬದುಕಲು ಹತ್ತು ಮೂಲ ಸೂತ್ರಗಳನ್ನು ದಯವಿಟ್ಟು ತಿಳಿಸಿ. ನಾನಿರುವುದು ಎಂಟನೇ ಮಹಡಿಯಲ್ಲಿ. ಮರ, ಮಣ್ಣು ಎರಡೂ ದೂರ. ನಿದ್ದೆಗೆ ಅಂಕ ಕೊಡುವ ವಾಚು ಕಟ್ಟಿಕೊಂಡಿದ್ದೇನೆ. ಅಂಕ ನಲವತ್ತು ದಾಟುತ್ತಿಲ್ಲ. ನಮ್ಮಂಥವರು ಎಲ್ಲ ಬಿಟ್ಟು ಕಾಡು ಸೇರಬೇಕೇ?
– ಹಳೆಯ ಓದುಗ, ರಾತ್ರಿ 1.40

ಸಂಪಾದಕರ ಉತ್ತರ: ಕಾಡೂ ಬೇಡ, ಹತ್ತು ಸೂತ್ರವೂ ಬೇಡ. ನಿಮ್ಮ ಪತ್ರದ ಕೆಳಗೆ 'ರಾತ್ರಿ 1.40' ಎಂದು ಬರೆದಿದ್ದೀರಿ. ನನ್ನ ಕಣ್ಣು ಅಲ್ಲೇ ನಿಂತಿತು.

ಎಂಟನೇ ಮಹಡಿಗೆ ಮರ ಹತ್ತಿ ಬರುವುದಿಲ್ಲ, ನಿಜ. ಆದರೆ ಹಗಲು ಬರುತ್ತದೆ, ರಾತ್ರಿ ಬರುತ್ತದೆ. ಹಗಲಿಗೆ ಪರದೆ ಎಳೆದು, ರಾತ್ರಿಗೆ ದೀಪ ಹಾಕಿ, ಎರಡನ್ನೂ ಬಾಗಿಲಲ್ಲೇ ನಿಲ್ಲಿಸಿದ್ದೀರಿ. ಆಮೇಲೆ ಪ್ರಕೃತಿ ದೂರ ಅಂತೀರಿ!

1729ರಲ್ಲಿ ಫ್ರಾನ್ಸಿನ ದ ಮೆರಾಂ ಎಂಬ ವಿಜ್ಞಾನಿ ಮುಟ್ಟಿದರೆ ಮುನಿಯ ಜಾತಿಯ ಒಂದು ಗಿಡವನ್ನು ಕತ್ತಲಲ್ಲಿ ಇಟ್ಟು ನೋಡಿದರು. ಬಿಸಿಲು ಕಾಣದಿದ್ದರೂ ಅದು ಹಗಲಿನ ಹೊತ್ತಿಗೆ ಎಲೆ ಬಿಚ್ಚಿತು, ಸಂಜೆಗೆ ಮಡಚಿಕೊಂಡಿತು. ಗಡಿಯಾರ ಗಿಡದೊಳಗೇ ಇತ್ತು. ನಮ್ಮೊಳಗೂ ಇದೆ. ಎರಡೂ ಕಣ್ಣಿನ ನರಗಳು ಮೆದುಳಿನಲ್ಲಿ ಕೂಡುವ ಜಾಗದ ಸ್ವಲ್ಪ ಮೇಲೆ ಅದರ ಮನೆ. ಇಂಥ ಗಡಿಯಾರ ಜೀವಕೋಶದಲ್ಲಿ ಹೇಗೆ ಓಡುತ್ತದೆಂದು ತೋರಿಸಿದ ಹಾಲ್, ರಾಸ್‌ಬ್ಯಾಶ್, ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಗುಟ್ಟು ಬಿಟ್ಟುಕೊಟ್ಟಿದ್ದು ಅವರು ಪರೀಕ್ಷಿಸಿದ ಹಣ್ಣಿನ ನೊಣ!

ನಮ್ಮ ಗಡಿಯಾರಕ್ಕೆ ಒಂದು ಐಬಿದೆ. ಹೆಚ್ಚಿನವರಲ್ಲಿ ಅದು 24 ಗಂಟೆಗಿಂತ ಸ್ವಲ್ಪ ನಿಧಾನ. ದಿನಾ ಬೆಳಗಿನ ಬೆಳಕು ಬಂದು ಮುಳ್ಳು ತಿದ್ದಬೇಕು. 1962ರಲ್ಲಿ ಮಿಶೆಲ್ ಸಿಫ್ರ್ ಎಂಬ ಯುವಕ ವಾಚಿಲ್ಲದೆ ಎರಡು ತಿಂಗಳು ಗುಹೆಯಲ್ಲಿದ್ದ. ಹೊರಬಂದಾಗ ಅವನ ತಾರೀಖಿನ ಲೆಕ್ಕ ಮೂರು ವಾರಕ್ಕೂ ಜಾಸ್ತಿ ಹಿಂದೆ ಬಿದ್ದಿತ್ತು. ನಿಮ್ಮದೂ ಗುಹೆಯೇ, ವೈಫೈ ಇದೆ ಅಷ್ಟೇ. ಮೋಡ ಕವಿದ ಹಗಲಲ್ಲೂ ಹೊರಗೆ ಸಾವಿರಾರು ಲಕ್ಸ್ ಬೆಳಕು (ಲಕ್ಸ್ ಅಂದರೆ ಬೆಳಕಿನ ಅಳತೆ). ಕೋಣೆಯ ದೀಪದಡಿ ಸಾಮಾನ್ಯವಾಗಿ 200-300. ಹಗಲೆಲ್ಲ ಮಬ್ಬಿನಲ್ಲಿ ಕೂತು, ನಡುರಾತ್ರಿ ಮುಖದ ಮೇಲೆ ಫೋನು ಬೆಳಗಿಸಿಕೊಂಡರೆ, ಕತ್ತಲಾದ ಮೇಲೆ ಏರಿ ದೇಹವನ್ನು ನಿದ್ದೆಗೆ ಅಣಿಮಾಡಬೇಕಾದ ಮೆಲಟೋನಿನ್ ಎಂಬ ಹಾರ್ಮೋನು ಪಾಪ ಏನು ಮಾಡಬೇಕು?

ಒಮ್ಮೆ ಬಿರುಗಾಳಿಗೆ ನಮ್ಮಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಮೊದಲ ರಾತ್ರಿ ಎಲ್ಲರನ್ನೂ ಬೈದೆ. ಎರಡನೇ ರಾತ್ರಿ ಎಂಟೂವರೆಗೇ ಆಕಳಿಕೆ. ಗೋಡೆಯ ಮೇಲೆ ಮೇಣದಬತ್ತಿಯ ನೆರಳು ಅಲ್ಲಾಡುತ್ತಿತ್ತು, ಅದನ್ನೇ ನೋಡುತ್ತ ಕೂತಲ್ಲೇ ತೂಕಡಿಸಿದೆ. ಮೂರನೇ ಬೆಳಗ್ಗೆ ಹಕ್ಕಿ ಕೂಗುವಾಗ ತಾನಾಗಿ ಎಚ್ಚರವಾಯಿತು. ಫೋನು ಸತ್ತಿತ್ತು, ಅಲಾರಂ ಎಲ್ಲಿಂದ ಬರಬೇಕು? ಕರೆಂಟ್ ಬಂದಾಗ ಮನೆಯವರೆಲ್ಲ ಕುಣಿದರು. ನಾನೂ ಕುಣಿದೆ, ಸುಳ್ಳು ಯಾಕೆ ಹೇಳಲಿ.

ವಿದ್ಯುದ್ದೀಪದಿಂದ ಉಪಕಾರವಾಗಿದೆ. ನಡುರಾತ್ರಿಯ ಹೆರಿಗೆ, ಆಪರೇಷನ್ ಅದಿಲ್ಲದೆ ನಡೆಯದು. ಒಪ್ಪಿದೆ. ಆದರೆ ಯಾರೂ ನೋಡದ ಜಾಹೀರಾತು ಫಲಕ ಬೆಳಗಿನ ಜಾವ ಮೂರಕ್ಕೂ ಯಾಕೆ ಉರಿಯಬೇಕು? ಮೊಟ್ಟೆಯೊಡೆದು ಬಂದ ಕಡಲಾಮೆಯ ಮರಿ ಸಮುದ್ರ ಬಿಟ್ಟು ದಂಡೆಯ ದೀಪದ ಕಡೆ ತೆವಳುತ್ತದೆ. ನಾವೂ ಹಾಗೇ, ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2007ರಲ್ಲೇ ದೇಹದ ಲಯ ಕೆಡಿಸುವ ರಾತ್ರಿ ಪಾಳಿಯನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂದಿತು. ನರ್ಸಿಗೆ, ಕಾವಲುಗಾರನಿಗೆ ಬೇರೆ ದಾರಿಯಿಲ್ಲ. ಆದರೆ ನಾವು ಹನ್ನೆರಡು ಗಂಟೆಗೆ ಸುಮ್ನೆ ಏನೋ ಆರ್ಡರ್ ಮಾಡುತ್ತೇವಲ್ಲ, ಅದನ್ನು ತರಲು ಇನ್ನೊಬ್ಬ ನಿದ್ದೆಗೆಡುತ್ತಾನೆ. ಇದರ ಬಗ್ಗೆ ಯಾರೂ ಪತ್ರ ಬರೆಯುವುದಿಲ್ಲ.

ನೀವು ಕೇಳುವ ಸ್ವಭಾವದವರು, ಅದಕ್ಕೇ ಇಷ್ಟು ಬರೆದೆ. ವಾಚನ್ನು ಒಂದು ವಾರ ಡ್ರಾಯರಿನಲ್ಲಿ ಮಲಗಿಸಿ. ಎದ್ದ ತಕ್ಷಣ ಅರ್ಧ ಗಂಟೆ ಹೊರಗೆ ನಿಲ್ಲಿ. ಮುಂದಿನ ಪತ್ರ ಹಗಲಲ್ಲಿ ಬರೆಯಿರಿ. ಇನ್ನೂ ಹೇಳುವುದಿತ್ತು. ಆದರೆ ಹತ್ತೂಕಾಲಾಯಿತು, ಮನೆಯಲ್ಲಿ ಎರಡನೇ ಸಲ ಬಂದು ದೀಪ ಆರಿಸಿ ಹೋದರು.
– ಸಂ.