‘ನಂಗೆ ಬರಲ್ಲ’ ಅನ್ನುವ ಹುಡುಗ

ಕ್ರಿಸ್‌ಮಸ್ ರಜೆ ಶುರುವಾಗುವ ಹೊತ್ತಿಗೆ ನನ್ನಲ್ಲಿಗೆ ಬಂದ ಪ್ರಕರಣ ಇದು. ಹೆತ್ತವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ತಾಯಿ ಘಟ್ಟದ ಮೇಲಿನವರು. ಗಂಡನ ಕೆಲಸಕ್ಕಾಗಿ ಮಂಗಳೂರಿಗೆ ಬಂದು ಫ್ಲ್ಯಾಟಿನಲ್ಲಿದ್ದಾರೆ. ಅವರೂ ಮನೆಯಿಂದಲೇ ಕೆಲಸ ಮಾಡುತ್ತಾರೆ. ಮಗನಿಗೆ ಎಂಟು ವರ್ಷ, ಮಗಳಿಗೆ ನಾಲ್ಕು.

“ಮೇಡಂ, ರಜೆ ಬಂತು ಅಂದ್ರೆ ಭಯ ಆಗುತ್ತೆ. ಇಡೀ ದಿನ ಮೊಬೈಲ್. ಕಿತ್ಕೊಂಡ್ರೆ ರಂಪ. ಬೇರೆ ಏನಾದ್ರೂ ಮಾಡ್ಲಿ ಅಂತ ಕ್ರಾಫ್ಟ್ ಕಿಟ್ ತರಿಸಿಕೊಟ್ಟೆ. ಐದು ನಿಮಿಷಕ್ಕೆ ಬಿಸಾಕ್ತಾನೆ. ‘ನಂಗೆ ಬರಲ್ಲ’ ಅಂತಾನೆ. ಏಕಾಗ್ರತೆಯ ಸಮಸ್ಯೆ ಇರಬಹುದಾ?”

ಕಿಟ್ ತನ್ನಿ, ಇಲ್ಲೇ ಕೂತು ಇಬ್ಬರೂ ಮಾಡಿ ಅಂದೆ. ಹತ್ತಿಯಲ್ಲಿ ಸ್ನೋಮ್ಯಾನ್ ಮಾಡುವ ಕಿಟ್ ಅದು. ಡಿಸೆಂಬರ್ ಮಧ್ಯಾಹ್ನವೂ 32 ಡಿಗ್ರಿ ಆಗುವ ಊರಲ್ಲಿ ಹಿಮದ ಗೊಂಬೆ. ಅದೇನೂ ತಪ್ಪಲ್ಲ, ನೋಡದೇ ಇರೋದನ್ನೂ ಮಕ್ಕಳು ಖುಷಿಯಾಗಿ ಮಾಡ್ತಾರೆ. ನಾನು ಗಮನಿಸಿದ್ದು ಬೇರೆ.

ಹುಡುಗ ಕತ್ತರಿ ಹಿಡಿದ. ಕತ್ತರಿ ಗೆರೆಯಿಂದ ಸ್ವಲ್ಪ ಆಚೆ ಹೋಯಿತು. “ಕೊಡಿಲ್ಲಿ, ಹಾಳ್ ಮಾಡ್ತೀಯ” ಅಂತ ಅಮ್ಮ ತೆಗೆದುಕೊಂಡರು. ಅವನು ಅಂಟು ಹಚ್ಚಿದ. ಜಾಸ್ತಿ ಆಯ್ತು ಅಂತ ಅವರು ಒರೆಸಿದರು. ಕಣ್ಣು ಅಂಟಿಸಿದ. ಸೊಟ್ಟಗಿದೆ ಅಂತ ಕಿತ್ತು ಮತ್ತೆ ಅಂಟಿಸಿದರು. ಆಮೇಲೆ ಹುಡುಗ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತುಬಿಟ್ಟ. ಗೊಂಬೆ ಚೆನ್ನಾಗೇ ಬಂತು. ಆದರೆ ಅದು ಅಮ್ಮನ ಗೊಂಬೆ.

ಆ ತಾಯಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮಾಡಿದ್ದರ ಫೋಟೋವನ್ನು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಬೇಕಂತೆ. ಉಳಿದವರದ್ದೆಲ್ಲ ಅಚ್ಚುಕಟ್ಟಾಗಿ ಇರುತ್ತದಂತೆ. ಅಲ್ಲೂ ಅಮ್ಮಂದಿರದ್ದೇ ಕೈ ಅಂತ ಅವರಿಗೆ ಹೊಳೆದಿರಲಿಲ್ಲ.

ಏಕಾಗ್ರತೆಯ ಬಗ್ಗೆ ಕೇಳಿ ನೋಡಿದೆ. ಹುಡುಗ ಶೂ ಲೇಸ್ ತಾನೇ ಕಟ್ಟುತ್ತಾನೆ. ಸೈಕಲ್ ಚೈನ್ ತಪ್ಪಿದರೆ ಕೂತು ಹಾಕುತ್ತಾನೆ. ಶಾಲೆಯಿಂದ ದೂರಿಲ್ಲ. ಹಾಗಾಗಿ ಪರೀಕ್ಷೆ ಗಿರೀಕ್ಷೆ ಈಗ ಬೇಡ ಅಂದೆ. ಗುಂಡಿ ಹಾಕಲು, ಪೆನ್ಸಿಲ್ ಹಿಡಿಯಲು ಕೂಡ ಕಷ್ಟಪಡುವ ಎಂಟು ವರ್ಷದ ಮಗುವಾಗಿದ್ದರೆ ಬೇರೆ ಮಾತು, ಆಗ ಮಕ್ಕಳ ತಜ್ಞರಿಗೆ ತೋರಿಸಲೇಬೇಕು.

ನಾನು ಕೊಟ್ಟ ಮೊದಲ ಸಲಹೆ: ಅವನ ಕೈಯಲ್ಲಿರುವ ವಸ್ತುವನ್ನು ಅವನು ಕೇಳದೆ ತೆಗೆದುಕೊಳ್ಳಬೇಡಿ. ಸುಮ್ನೆ ಕೂರಲು ಆಗದಿದ್ದರೆ ಪಕ್ಕದಲ್ಲಿ ನಿಮ್ಮದೇ ಇನ್ನೊಂದು ಮಾಡಿಕೊಳ್ಳಿ. ಎರಡನೆಯದು, ಮೊಬೈಲ್ ಕಿತ್ತುಕೊಂಡ ಹೊತ್ತಿಗೇ ಕ್ರಾಫ್ಟ್ ಶುರು ಮಾಡಬೇಡಿ. ಹಾಗೆ ಮಾಡಿದರೆ ಅದು ಶಿಕ್ಷೆ ಆಗಿಬಿಡುತ್ತದೆ. ಬೆಳಿಗ್ಗೆ ತಿಂಡಿ ಆದಮೇಲೆ, ಸ್ವಲ್ಪ ತಂಪಿರುವಾಗ, ಯಾರೂ ಮೊಬೈಲ್ ಮುಟ್ಟದಿರುವಾಗ ಕೂತುಕೊಳ್ಳಿ. ಚಿಕ್ಕವಳ ವಿಷಯದಲ್ಲಂತೂ ಬಿಗಿ ಇರಲಿ: ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಇನ್ನು ಏನು ಮಾಡಿಸೋದು? ಕಿಟ್ ಬೇಕಾಗಿಲ್ಲ ಮಾರಾಯ್ರೆ, ಈ ಊರಲ್ಲಿ ಡಿಸೆಂಬರ್ ಅಂದರೆ ಮನೆಮನೆಯಲ್ಲೂ ನಕ್ಷತ್ರದ ಗೂಡುದೀಪ. ಹುಡುಗನಿಗೆ ಅದನ್ನೇ ಕೊಡಿ ಅಂದೆ. ಹಿಡಿಸೂಡಿ (ತೆಂಗಿನ ಗರಿಯ ಪೊರಕೆ) ಕಡ್ಡಿ ಎರಡೆರಡು ಜೋಡಿಸಿದರೆ ಬಾಗುವುದಿಲ್ಲ. ಒಂದೇ ಅಳತೆಯ ಐದು ಜೋಡಿಯಿಂದ ಒಂದು ನಕ್ಷತ್ರ, ಅಂಥದ್ದೇ ಇನ್ನೊಂದು. ಎರಡನ್ನೂ ಒಂದರ ಮೇಲೊಂದಿಟ್ಟು ಐದು ತುದಿಗಳನ್ನು ನೂಲಿನಿಂದ ಕಟ್ಟಬೇಕು. ಒಳಗೆ ಕಡ್ಡಿಗಳು ಒಂದನ್ನೊಂದು ದಾಟುವ ಐದು ಜಾಗದಲ್ಲಿ ಹೆಬ್ಬೆರಳುದ್ದದ ತುಂಡು ಕಡ್ಡಿ ಸಿಕ್ಕಿಸಿದರೆ ನಕ್ಷತ್ರ ಉಬ್ಬುತ್ತದೆ. ಆ ಉಬ್ಬು ಬರುವ ಗಳಿಗೆ ಮಕ್ಕಳಿಗೆ ತುಂಬಾ ಖುಷಿ ಕೊಡುತ್ತದೆ, ದಯವಿಟ್ಟು ಅದನ್ನು ಅವರಿಂದ ಕಿತ್ತುಕೊಳ್ಳಬೇಡಿ. ಆಮೇಲೆ ಬಣ್ಣದ ತೆಳು ಕಾಗದ, ಮೈದಾ ಅಂಟು. ಒಳಗೆ ಮೇಣದಬತ್ತಿ ಬೇಡವೇ ಬೇಡ, ಸಣ್ಣ ಎಲ್‌ಇಡಿ ಬಲ್ಬ್ ಸಾಕು.

ಚಿಕ್ಕವಳಿಗೆ ರಾಗಿ. ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವ ಮನೆಯವರು ಹಸಿರಿಗಾಗಿ ಮೊದಲೇ ಬಿತ್ತಿರುತ್ತಾರೆ, ಇವರು ತಡವಾಗಿ ಬಿತ್ತಿದರೂ ನಷ್ಟವಿಲ್ಲ. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಬಂದಮೇಲೆ ತಟ್ಟೆಯ ಮಣ್ಣಿನ ಮೇಲೆ ಹರಡುವುದು. ದಿನಾ ಕೈಯಲ್ಲಿ ನೀರು ಚಿಮುಕಿಸುವುದು ಅವಳ ಕೆಲಸ. ನಾಲ್ಕು ವರ್ಷದವರು ಹತ್ತು ನಿಮಿಷ ಒಂದೇ ಕಡೆ ಕೂತರೆ ಅದೇ ಹೆಚ್ಚು. ಅವರಿಗೆ ಇಂಥ ದಿನಕ್ಕಿಷ್ಟು ಕೆಲಸವೇ ಸರಿ.

ಪಕ್ಕದ ಮನೆಯಲ್ಲಿ ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳು) ಮಾಡುತ್ತಾರೆ ಅಂತ ಗೊತ್ತಾಯಿತು. ಅದರಲ್ಲೊಂದಾದ ಕಿಡಿಯೋ ಅನ್ನುವ ಕರಿದ ತಿಂಡಿಯನ್ನು ಸುತ್ತಲು ಮಕ್ಕಳನ್ನು ಕಳಿಸಲೇ ಅಂತ ಕೇಳಿ ಅಂದೆ. “ತೊಂದರೆ ಆಗಲ್ವಾ ಮೇಡಂ?” ಅಂದರು. ಹಿಟ್ಟಿನ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಮಾಡುವುದಕ್ಕೆ ಎಷ್ಟು ಕೈ ಇದ್ದರೂ ಸಾಲದು. ಎಣ್ಣೆಯ ಹತ್ತಿರ ಮಾತ್ರ ದೊಡ್ಡವರೇ ಇರಬೇಕು.

ರಜೆ ಮುಗಿದ ಮೇಲೆ ತಾಯಿ ಬಂದರು. ನಕ್ಷತ್ರದ ಒಂದು ಕೈ ಗಿಡ್ಡ ಆಗಿತ್ತಂತೆ. ಸರಿಮಾಡಲು ಕೈ ಮುಂದೆ ಹೋದಾಗ ಎದ್ದು ಅಡುಗೆಮನೆಗೆ ಹೋದೆ ಅಂದರು. ಅದು ಸಣ್ಣ ಕೆಲಸವಲ್ಲ. ಹಾಗೇ ಅವರಿಗೂ ಹೇಳಿದೆ. ಹುಡುಗ ಎರಡನೆಯ ನಕ್ಷತ್ರವನ್ನು ಯಾರೂ ಹೇಳದೆ ಶುರು ಮಾಡಿದ್ದ. ಗಿಡ್ಡ ಕೈಯದ್ದರ ಫೋಟೋವನ್ನೇ ಗುಂಪಿಗೆ ಹಾಕಿದ್ದರು.

ಮೊಬೈಲಿನ ಜಗಳ ಪೂರ್ತಿ ನಿಂತಿಲ್ಲ, ಸಂಜೆ ಹೊತ್ತು ಇನ್ನೂ ಇದೆ. ಹೋಂವರ್ಕಿನಲ್ಲೂ ಹೀಗೇ ಪೆನ್ಸಿಲ್ ಕಿತ್ತುಕೊಳ್ಳುವುದು ನಡೆಯುತ್ತದಂತೆ, ಅದು ಅಪ್ಪನ ಕಡೆಯಿಂದ. ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ.