ಬೆಳೆಯುವ ಮಕ್ಕಳ ಭುಜದ ನೋವು: ಮೂರು ಪತ್ರಗಳು, ವೈದ್ಯರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದವು. ಆದ್ದರಿಂದ ಇಡೀ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇವೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಪ್ರಕಟಿಸಿಲ್ಲ. ಕ್ರೀಡಾಪಟುಗಳ ಗಾಯಗಳಿಗೆ ಚಿಕಿತ್ಸೆ ನೀಡುವ ಎಲುಬು-ಕೀಲು ತಜ್ಞರು ಉತ್ತರಿಸಿದ್ದಾರೆ.

ಪ್ರಶ್ನೆ: ಡಾಕ್ಟರರಿಗೆ ನಮಸ್ಕಾರ. ನಾವು ಹುಬ್ಬಳ್ಳಿಯ ನವನಗರದವರು. ನಮ್ಮ ಮಗಳಿಗೆ ಹದಿಮೂರು ವರ್ಷ. ಏಳನೆಯ ವಯಸ್ಸಿನಿಂದ ಜಿಮ್ನಾಸ್ಟಿಕ್ಸ್ ಕಲಿಯುತ್ತಿದ್ದು, ಶಾಲೆ ಮುಗಿದ ಮೇಲೆ ದಿನಾಲೂ ಧಾರವಾಡಕ್ಕೆ ಅಭ್ಯಾಸಕ್ಕೆ ಹೋಗುತ್ತಾಳೆ. ಎರಡು ತಿಂಗಳಿಂದ ಬಲಭುಜ ನೋಯುತ್ತಿದೆ. ಬಿದ್ದ ನೆನಪಿಲ್ಲ. ಬಾರ್ ಮೇಲೆ ಜೋತಾಡುವಾಗ ಮತ್ತು ಕೈ ಊರಿ ಹಿಂದಕ್ಕೆ ಪಲ್ಟಿ ಹೊಡೆಯುವಾಗ ನೋವು ಹೆಚ್ಚು. ಎರಡು ದಿನ ಬಿಟ್ಟರೆ ಕಡಿಮೆಯಾಗುತ್ತದೆ, ಮತ್ತೆ ಹೋದರೆ ಮತ್ತೆ ಶುರು. ಸ್ನಾಯು ಹಿಡಿದಿರಬೇಕೆಂದು ಕೋಚ್ ಹೇಳಿದರು. ನಮ್ಮ ಅತ್ತೆಯವರು ಉಳುಕು ತೆಗೆಯುವವರ ಬಳಿ ಮೂರು ಸಲ ಎಣ್ಣೆ ಹಚ್ಚಿ ತಿಕ್ಕಿಸಿದರು. ಅಭ್ಯಾಸಕ್ಕೆ ಮೊದಲು ಒಂದು ನೋವಿನ ಗುಳಿಗೆ ಕೊಡುತ್ತಿದ್ದೇನೆ. ಆರು ವಾರಕ್ಕೆ ಆಯ್ಕೆ ಸ್ಪರ್ಧೆ ಇದೆ. ಈ ವರ್ಷ ಬಹಳ ಎತ್ತರವಾಗಿದ್ದಾಳೆ, ಯೂನಿಫಾರ್ಮಿನ ಲಂಗದ ಅಂಚನ್ನು ಎರಡು ಸಲ ಬಿಚ್ಚಿ ಹೊಲಿಸಿದ್ದೇವೆ. ವಿಶ್ರಾಂತಿ ಕೊಡಬೇಕೇ, ಸ್ಕ್ಯಾನ್ ಮಾಡಿಸಬೇಕೇ, ವರ್ಷ ಹಾಳಾಗುತ್ತದೆಯೇ ಎಂದು ತಿಳಿಯದಾಗಿದೆ.

ಉತ್ತರ: ಸಹೋದರಿ, ಲಂಗದ ಅಂಚಿನ ಮಾತನ್ನು ನೀವು ಬರೆದದ್ದು ಬಹಳ ಒಳ್ಳೆಯದಾಯಿತು. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಮಾಹಿತಿ ಅದೇ. ಅದನ್ನು ವಿವರಿಸುವ ಮೊದಲು ಇಂದೇ ಮಾಡಬೇಕಾದದ್ದನ್ನು ಹೇಳಿಬಿಡುತ್ತೇನೆ. ವೈದ್ಯರು ನೋಡಿ ಕಾರಣ ಹೇಳುವವರೆಗೆ ಆ ಕೈಯ ಮೇಲೆ ದೇಹದ ಭಾರ ಬೀಳಬಾರದು. ಜೋತಾಡುವುದು, ಹ್ಯಾಂಡ್‌ಸ್ಟ್ಯಾಂಡ್, ಪಲ್ಟಿ, ವಾಲ್ಟ್ (ಓಡಿಬಂದು ಮೇಜಿಗೆ ಕೈ ಊರಿ ಹಾರುವುದು) ಎಲ್ಲವೂ ನಿಲ್ಲಬೇಕು. ತಿಕ್ಕಿಸುವುದನ್ನೂ, ಅಭ್ಯಾಸಕ್ಕೆ ಮೊದಲು ಕೊಡುವ ಗುಳಿಗೆಯನ್ನೂ ನಿಲ್ಲಿಸಿರಿ. ವೈದ್ಯರು ಕೆಲವು ದಿನಗಳ ಮಟ್ಟಿಗೆ ನೋವಿನ ಗುಳಿಗೆ ಬರೆದುಕೊಟ್ಟರೆ ಅದು ಬೇರೆ ಮಾತು. ಆದರೆ ಗಾಯಗೊಂಡ ಭುಜದ ಮೇಲೆ ಭಾರ ಹೇರುವುದಕ್ಕಾಗಿಯೇ ಗುಳಿಗೆ ನುಂಗಿಸಿದರೆ, ಎಲ್ಲಿ ನಿಲ್ಲಬೇಕೆಂದು ಮಗುವಿಗೆ ಹೇಳುವ ಏಕೈಕ ಸೂಚನೆಯನ್ನೇ ನಾವು ಬಾಯಿ ಮುಚ್ಚಿಸಿದಂತೆ.

ಭುಜದ ಕೀಲಿನಲ್ಲಿ ತೋಳಿನ ಎಲುಬಿನ ಗುಂಡನೆಯ ತಲೆ ದೊಡ್ಡದು, ಅದು ಕೂಡುವ ಗುಳಿ ಚಿಕ್ಕದು ಮತ್ತು ಆಳವಿಲ್ಲದ್ದು. ತೋಳು ಎಲ್ಲ ದಿಕ್ಕಿಗೂ ತಿರುಗುವುದು ಇದರಿಂದಲೇ, ಕೀಲು ಸುಲಭವಾಗಿ ಅಸ್ಥಿರವಾಗುವುದೂ ಇದರಿಂದಲೇ. ಅದನ್ನು ಬಿಗಿಯಾಗಿ ಹಿಡಿದಿರುವುದು ಗುಳಿಯ ಅಂಚಿನ ಲೇಬ್ರಮ್ ಎಂಬ ಮೆತ್ತನೆಯ ಉಂಗುರ, ಎಲುಬಿಗೆ ಎಲುಬನ್ನು ಕಟ್ಟಿಹಿಡಿಯುವ ಸುತ್ತಲಿನ ಅಸ್ಥಿರಜ್ಜುಗಳು, ಮತ್ತು ರೊಟೇಟರ್ ಕಫ್ ಎಂದು ಕರೆಯುವ ನಾಲ್ಕು ಸ್ನಾಯುಗಳು. ಉಳಿದ ಬಹುತೇಕ ಆಟಗಳಲ್ಲಿ ಭುಜ ಎಸೆಯುವ ಅಥವಾ ಹೊಡೆಯುವ ಕೆಲಸ ಮಾಡಿದರೆ, ಜಿಮ್ನಾಸ್ಟಿಕ್ಸ್‌ನಲ್ಲಿ ಅದು ಸೊಂಟದ ಕೀಲಿನಂತೆ ಇಡೀ ದೇಹವನ್ನು ಹೊರಬೇಕಾಗುತ್ತದೆ. ಬಾರ್ ಮೇಲೆ ಪೂರ್ತಿ ಸುತ್ತು ತಿರುಗುವಾಗ ದೇಹ ಕೆಳಗೆ ಬರುವ ಗಳಿಗೆಯಲ್ಲಿ ಭುಜಗಳನ್ನು ಎಳೆಯುವ ಬಲ ದೇಹದ ತೂಕವನ್ನು ಎಷ್ಟೋ ಮೀರಿರುತ್ತದೆ, ಮತ್ತು ಇಂಥ ಸುತ್ತುಗಳು ಒಂದು ಸಂಜೆಯಲ್ಲಿ ಹತ್ತಾರು ಆಗುತ್ತವೆ.

ಇಲ್ಲಿ ವಯಸ್ಸಿನ ಮಾತು ಬರುತ್ತದೆ. ಹದಿಮೂರರ ಮಗುವಿನ ತೋಳಿನ ಎಲುಬಿನ ಮೇಲ್ತುದಿಯಲ್ಲಿ, ಭುಜದಿಂದ ತುಸು ಕೆಳಗೆ, ಇನ್ನೂ ಎಲುಬಾಗದ ಮೃದ್ವಸ್ಥಿಯ ಒಂದು ಪದರವಿರುತ್ತದೆ. ಇದನ್ನು ಗ್ರೋತ್ ಪ್ಲೇಟ್ ಎನ್ನುತ್ತೇವೆ. ಆ ಎಲುಬಿನ ಉದ್ದದಲ್ಲಿ ಸುಮಾರು 80 ಪ್ರತಿಶತ ಬೆಳೆಯುವುದು ಈ ಪದರದಿಂದಲೇ. ಸಾಮಾನ್ಯವಾಗಿ ಹದಿಹರೆಯದ ಕೊನೆಯ ಹೊತ್ತಿಗೆ ಅದು ಗಟ್ಟಿಯಾಗಿ ಎಲುಬಿನಲ್ಲಿ ಸೇರಿಹೋಗುತ್ತದೆ, ಹುಡುಗಿಯರಲ್ಲಿ ಹುಡುಗರಿಗಿಂತ ಸ್ವಲ್ಪ ಮುಂಚೆ. ಅಲ್ಲಿಯವರೆಗೆ ಆ ಜಾಗದಲ್ಲಿ ಸುತ್ತಲಿನ ಎಲುಬಿಗಿಂತಲೂ ಅಸ್ಥಿರಜ್ಜುಗಳಿಗಿಂತಲೂ ದುರ್ಬಲವಾದದ್ದು ಈ ಪದರವೇ, ಅದರಲ್ಲೂ ಮಗು ಸರಸರನೆ ಎತ್ತರವಾಗುತ್ತಿರುವ ತಿಂಗಳುಗಳಲ್ಲಿ. ದೊಡ್ಡವರಲ್ಲಿ ಸ್ನಾಯುವನ್ನು ಎಲುಬಿಗೆ ಸೇರಿಸುವ ಸ್ನಾಯುರಜ್ಜು ಹರಿಯುವಂತಹ ಒತ್ತಡ ಬಿದ್ದಾಗ ಮಕ್ಕಳಲ್ಲಿ ಈ ಪದರ ಸವೆದು ಅಗಲವಾಗಬಹುದು. ಬಿದ್ದ ನೆನಪಿಲ್ಲದೆ ಶುರುವಾಗಿ, ಭಾರ ಬಿದ್ದಾಗ ಏರಿ, ಬಿಟ್ಟಾಗ ಇಳಿಯುವ ನೋವು ಒಂದೇ ವರ್ಷದಲ್ಲಿ ಬಹಳ ಬೆಳೆದ ಮಗುವಿನಲ್ಲಿ ಕಂಡರೆ ನಾವು ಮೊದಲು ಅನುಮಾನಿಸುವುದು ಇದನ್ನೇ. ಪತ್ರ ಓದಿ ರೋಗ ನಿರ್ಣಯಿಸಲಾಗದು. ಲೇಬ್ರಮ್‌ನ ಗಾಯ, ಕೀಲಿನ ಸಡಿಲತನ, ಸ್ನಾಯುರಜ್ಜುಗಳ ಉರಿತ ಯಾವುದೂ ಆಗಿರಬಹುದು. ಆದರೆ ಗ್ರೋತ್ ಪ್ಲೇಟ್‌ನದು ಅಲ್ಲವೆಂದು ಖಚಿತವಾಗದೆ ಆ ಭುಜವನ್ನು ಯಾರೂ ತಿಕ್ಕಬಾರದು, ಎಳೆಯಬಾರದು.

ಆಸ್ಪತ್ರೆಗೆ ಹೋದಾಗ ನೋವು ಎಲ್ಲಿದೆಯೆಂದು ಮಗಳೇ ಒಂದು ಬೆರಳಿನಿಂದ ತೋರಿಸಲಿ; ನೀವು ಉತ್ತರಿಸಬೇಡಿರಿ. ತೋಳಿನ ಹೊರಮೈಯಲ್ಲಿ, ಭುಜದ ಗುಂಡಗಿನ ಭಾಗಕ್ಕಿಂತ ಕೆಳಗೆ ಬೆರಳಿಟ್ಟು ಒತ್ತಿದಾಗ ಅವಳು ಮುಖ ಕಿವಿಚಿದರೆ ವೈದ್ಯರಿಗೆ ಅರ್ಧ ದಾರಿ ಸಿಕ್ಕಂತೆ. ಮೊದಲು ಬೇಕಾದದ್ದು ಸಾದಾ ಎಕ್ಸ್-ರೇ. ಎರಡೂ ಭುಜಗಳದ್ದನ್ನು ತೆಗೆಸಲು ಕೇಳಿರಿ, ಏಕೆಂದರೆ ಬೆಳೆಯುವ ಎಲುಬಿನಲ್ಲಿ ಪದರ ಅಗಲವಾಗಿದೆಯೋ ಇಲ್ಲವೋ ಎಂಬುದು ಇನ್ನೊಂದು ಬದಿಯೊಡನೆ ಹೋಲಿಸಿದಾಗಲೇ ಸ್ಪಷ್ಟವಾಗುತ್ತದೆ. ಆರಂಭದಲ್ಲಿ ಎಕ್ಸ್-ರೇ ಸರಿಯಾಗಿಯೇ ಕಾಣಬಹುದು. ಆಗಲೂ ನೋವು ಮುಂದುವರಿದರೆ ಎಂಆರ್‌ಐ ಬೇಕಾಗುತ್ತದೆ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಹೆಸರು ಕಿಮ್ಸ್) ಅಂತಹ ಸರ್ಕಾರಿ ಆಸ್ಪತ್ರೆಯ ಎಲುಬು-ಕೀಲು ವಿಭಾಗದಲ್ಲಿಯೇ ತೋರಿಸಬಹುದು. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ಬಾವು, ಕಾರಣವಿಲ್ಲದೆ ತೂಕ ಇಳಿಯುವುದು, ಬೆರಳುಗಳಲ್ಲಿ ಜೋಮು ಇವುಗಳಲ್ಲಿ ಯಾವುದಿದ್ದರೂ ವಾರಗಟ್ಟಲೆ ಕಾಯಬೇಡಿರಿ. ಅಪರೂಪವಾದರೂ ಎಲುಬಿನ ಗಡ್ಡೆಗಳು ಇದೇ ವಯಸ್ಸಿನಲ್ಲಿ, ಇದೇ ಜಾಗದಲ್ಲಿ ಕಾಣಿಸಿಕೊಳ್ಳುವುದುಂಟು. ಹೆದರಿಸಲು ಈ ಮಾತು ಬರೆಯುತ್ತಿಲ್ಲ. ಎಕ್ಸ್-ರೇ ಇಲ್ಲದೆ ಎರಡು ತಿಂಗಳು ಕಳೆಯಬಾರದಿತ್ತು ಎಂಬುದಕ್ಕೆ ಬರೆಯುತ್ತಿದ್ದೇನೆ.

ಗ್ರೋತ್ ಪ್ಲೇಟ್‌ನ ಗಾಯವೆಂದಾದರೆ ಆಯ್ಕೆ ಸ್ಪರ್ಧೆಯನ್ನು ಈ ಸಲ ಬಿಡಲೇಬೇಕು. ಅದು ಮಾಗಲು ಸಾಮಾನ್ಯವಾಗಿ ಆರು ವಾರದಿಂದ ಮೂರು ತಿಂಗಳು ಹಿಡಿಯುತ್ತದೆ, ಆ ಬಳಿಕ ಹಂತಹಂತವಾಗಿ ಮರಳಬೇಕಾಗುತ್ತದೆ. ಭಾರವನ್ನು ಸಕಾಲಕ್ಕೆ ನಿಲ್ಲಿಸಿದವರಲ್ಲಿ ಇದು ಬಹುತೇಕ ಪೂರ್ತಿ ಗುಣವಾಗುತ್ತದೆ, ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ನಿಲ್ಲಿಸದೆ ಮುಂದುವರಿದರೆ ಪದರ ಅಕಾಲದಲ್ಲಿ ಮುಚ್ಚಿ ತೋಳಿನ ಬೆಳವಣಿಗೆಗೇ ತೊಂದರೆಯಾಗುವ ಸಂಭವವಿದೆ. ಸ್ಪರ್ಧೆಗೋಸ್ಕರ ಸ್ಟೀರಾಯ್ಡ್ ಚುಚ್ಚುಮದ್ದು ಹಾಕಿಸಿರೆಂದು ಯಾರಾದರೂ ಹೇಳಿದರೆ ಒಪ್ಪಬೇಡಿರಿ. ಬೆಳೆಯುವ ಭುಜಕ್ಕೆ ಅದು ಸಲ್ಲದು, ಅಲ್ಲದೆ ಈ ಸ್ಟೀರಾಯ್ಡ್ ಸೇರಿರುವ ಗ್ಲುಕೊಕಾರ್ಟಿಕಾಯ್ಡ್ ಗುಂಪಿನ ಎಲ್ಲ ಚುಚ್ಚುಮದ್ದುಗಳನ್ನೂ ಸ್ಪರ್ಧೆಯ ಅವಧಿಯಲ್ಲಿ 2022ರಿಂದ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ (ವಾಡಾ) ನಿಷೇಧಿಸಿದೆ.

ವಿಶ್ರಾಂತಿ ಎಂದರೆ ಮಗಳನ್ನು ಮನೆಯಲ್ಲಿ ಕೂರಿಸುವುದೆಂದು ತಿಳಿಯಬೇಡಿರಿ. ಆರು ವರ್ಷ ಪ್ರತಿ ಸಂಜೆ ಅಂಗಳದಲ್ಲಿ ಕಳೆದ ಮಗುವನ್ನು ಗೆಳತಿಯರಿಂದ ಬೇರೆ ಮಾಡಿದರೆ ಭುಜ ವಾಸಿಯಾಗುವ ಮೊದಲೇ ಮನಸ್ಸು ಕುಗ್ಗುತ್ತದೆ. ಅವಳು ಧಾರವಾಡಕ್ಕೆ ಹೋಗಲಿ. ನೆಲದ ಗೆರೆಯ ಮೇಲೆ ಅಥವಾ ತಗ್ಗಿನ ಬೀಮ್ (ಸಮತೋಲನದ ತೊಲೆ) ಮೇಲೆ ತಿರುವು ಮತ್ತು ನೃತ್ಯದ ಹೆಜ್ಜೆಗಳು, ಕಾಲಿನ ಬಲ, ಹೊಟ್ಟೆ-ಬೆನ್ನಿನ ವ್ಯಾಯಾಮ, ಸ್ಪ್ಲಿಟ್ ಇವೆಲ್ಲವನ್ನೂ ಮಾಡಬಹುದು. ಎತ್ತರದ ಬೀಮ್ ಮಾತ್ರ ಬೇಡ, ಜಾರಿದಾಗ ಯಾರೇ ಆಗಲಿ ಕೈಯನ್ನೇ ಊರುತ್ತಾರೆ. ನೋವು ಇಳಿದ ಮೇಲೆ ಫಿಸಿಯೊಥೆರಪಿಸ್ಟರು ಭುಜಫಲಕವನ್ನು ಬೆನ್ನಿಗೆ ಒತ್ತಿ ಸ್ಥಿರವಾಗಿಡುವ ಸ್ನಾಯುಗಳಿಗೆ ರಬ್ಬರ್ ಬ್ಯಾಂಡ್ ವ್ಯಾಯಾಮ ಕಲಿಸುತ್ತಾರೆ. ದಿನದ ಸಣ್ಣ ಸಂಗತಿಗಳನ್ನೂ ಗಮನಿಸಿರಿ: ಪುಸ್ತಕದ ಚೀಲ ಎರಡೂ ಹೆಗಲಿಗೆ ಇರಲಿ, ಚಿಗರಿ ಬಸ್ಸಿನಲ್ಲಿ ನಿಂತಾಗ ಮೇಲಿನ ಹಿಡಿಕೆಯನ್ನು ಎಡಗೈಯಿಂದ ಹಿಡಿಯಲಿ.

ಮರಳುವ ಕ್ರಮದಲ್ಲಿ ಅವಸರ ಮಾಡಬಾರದು. ಎರಡೂ ತೋಳುಗಳು ನೋವಿಲ್ಲದೆ ಸಮನಾಗಿ ಮೇಲೇಳಬೇಕು, ಒತ್ತಿದರೆ ನೋಯಬಾರದು, ಬಲಭುಜದ ಶಕ್ತಿ ಎಡಭುಜದ ಶಕ್ತಿಗೆ ಹತ್ತಿರ ಬಂದಿರಬೇಕು, ವೈದ್ಯರು ಒಪ್ಪಬೇಕು. ಆಮೇಲೆ ಗೋಡೆಗೆ ಕೈಕೊಟ್ಟು ತಳ್ಳುವುದು, ನೆಲದ ಮೇಲೆ ಪ್ಲ್ಯಾಂಕ್, ಗೋಡೆಗೆ ಆತು ಹ್ಯಾಂಡ್‌ಸ್ಟ್ಯಾಂಡ್, ಬಾರ್ ಮೇಲೆ ಸುಮ್ಮನೆ ಜೋತು ಬೀಳುವುದು, ಸಣ್ಣ ತೂಗು ಹೀಗೆ ಏರಬೇಕು. ಪೂರ್ತಿ ಸುತ್ತು ಮತ್ತು ವಾಲ್ಟ್ ಎಲ್ಲಕ್ಕಿಂತ ಕೊನೆಗೆ. ಒಂದು ಹಂತದ ಮರುದಿನ ಬೆಳಿಗ್ಗೆ ನೋವು ಕಂಡರೆ ಹಿಂದಿನ ಹಂತಕ್ಕೆ ಇಳಿಯಬೇಕು. ಕೈ ಮೇಲೆ ಭಾರ ಬೀಳುವ ಕಸರತ್ತುಗಳನ್ನು ಒಂದು ಸಂಜೆಗೆ ಎಷ್ಟು ಮಾಡಿದಳೆಂದು ಕೋಚ್ ಒಂದು ವಹಿಯಲ್ಲಿ ಬರೆದಿಡಲಿ. ಇದು ಕೋಚ್ ಮೇಲಿನ ಅಪನಂಬಿಕೆಯಲ್ಲವೆಂದು ಅವರಿಗೆ ತಿಳಿಸಿ ಹೇಳಿರಿ. ವೈದ್ಯರ ಚೀಟಿಯನ್ನು ಅವರ ಕೈಗೇ ಕೊಡಿರಿ.

ಊಟದ ಬಗ್ಗೆ ನೀವು ಬರೆದಿಲ್ಲ, ನಾನೇ ಕೇಳುತ್ತೇನೆ. ಹಗುರಾಗಿರಬೇಕೆಂದು ಅವಳು ರೊಟ್ಟಿ ಬಿಡುತ್ತಿದ್ದಾಳೆಯೇ? ಬೆಳವಣಿಗೆ ಮತ್ತು ಅಭ್ಯಾಸ ಎರಡಕ್ಕೂ ಸಾಲುವಷ್ಟು ಊಟ ಸಿಗದ ಎಲುಬು ಬೇಗ ನೋಯುತ್ತದೆ, ತಡವಾಗಿ ಕೂಡುತ್ತದೆ. ಜೋಳದ ರೊಟ್ಟಿ, ಕಾಳಿನ ಪಲ್ಯ, ಮೊಸರು, ಶೇಂಗಾ, ಒಗ್ಗಿದರೆ ಮೊಟ್ಟೆ ಹೊಟ್ಟೆ ತುಂಬ ಇರಲಿ. ವಿಟಮಿನ್ ಡಿ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿರಿ. ಹದಿನೈದು ತುಂಬಿದರೂ ಮುಟ್ಟು ಆರಂಭವಾಗದಿದ್ದರೆ, ಆರಂಭವಾದದ್ದು ತಿಂಗಳುಗಟ್ಟಲೆ ನಿಂತರೆ, ಆಟದ ಹುಡುಗಿಯರಲ್ಲಿ ಇದು ಸಹಜವೆಂದು ಬಿಡದೆ ತೋರಿಸಿರಿ.

ವರ್ಷ ಹಾಳಾಗುವ ಚಿಂತೆಗೆ ಎರಡು ಸಂಗತಿ ಹೇಳುತ್ತೇನೆ. ಮಹಿಳೆಯರ ಆರ್ಟಿಸ್ಟಿಕ್ ಜಿಮ್ನಾಸ್ಟಿಕ್ಸ್‌ನಲ್ಲಿ ಹಿರಿಯರ ಅಂತರರಾಷ್ಟ್ರೀಯ ಸ್ಪರ್ಧೆಗೆ ಆ ವರ್ಷ 16 ತುಂಬಬೇಕೆಂಬ ನಿಯಮ 1997ರಿಂದ ಇದೆ. ನಿಮ್ಮ ಮಗಳಿಗೆ ಅದಕ್ಕೇ ಇನ್ನೂ ಮೂರು ವರ್ಷ ಇದೆ. 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್ ಫೈನಲ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದಾಗ ದೀಪಾ ಕರ್ಮಾಕರ್ ಅವರಿಗೆ 23 ವರ್ಷ. ಆ ಬಳಿಕ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ದೀರ್ಘಕಾಲ ಹೊರಗುಳಿದ ಅವರು 2018ರಲ್ಲಿ ಟರ್ಕಿಯ ಮರ್ಸಿನ್‌ನಲ್ಲಿ ನಡೆದ ವಿಶ್ವ ಚಾಲೆಂಜ್ ಕಪ್‌ನಲ್ಲಿ ವಾಲ್ಟ್‌ನ ಚಿನ್ನ ಗೆದ್ದರು.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ದೈಹಿಕ ಶಿಕ್ಷಕ. ಮಲ್ಲಕಂಬ ಮತ್ತು ಜಿಮ್ನಾಸ್ಟಿಕ್ಸ್ ಎರಡರಲ್ಲೂ ಚುರುಕಾದ ಹದಿನೈದರ ಹುಡುಗನೊಬ್ಬ ಬಿದ್ದು ಎಡಭುಜ ಕೀಲು ತಪ್ಪಿತ್ತು. ಸ್ಥಳದಲ್ಲಿದ್ದ ಹಿರಿಯರೊಬ್ಬರು ಎಳೆದು ಕೂಡಿಸಿದರು. ಮೂರು ವಾರ ಜೋಳಿಗೆ ಹಾಕಿದ್ದೆವು. ಈಗ ಮತ್ತೆ ಒಮ್ಮೆ ತಪ್ಪಿದೆ. ಪಟ್ಟಿ ಕಟ್ಟಿಕೊಂಡು ಆಡಿಸಬಹುದೇ?

ಉತ್ತರ: ಗುರುಗಳೇ, ಆಡಿಸಬೇಡಿರಿ. ಈ ವಯಸ್ಸಿನಲ್ಲಿ ಬಿದ್ದು ಒಮ್ಮೆ ತಪ್ಪಿದ ಭುಜ ಮತ್ತೆ ತಪ್ಪುವ ಸಾಧ್ಯತೆ ದೊಡ್ಡವರಿಗಿಂತ ಬಹಳ ಹೆಚ್ಚು, ಏಕೆಂದರೆ ಮೊದಲ ಸಲವೇ ಮುಂಭಾಗದ ಲೇಬ್ರಮ್ ಕಿತ್ತು ಬಂದಿರುತ್ತದೆ. ಪಟ್ಟಿ ಅದನ್ನು ಕೂಡಿಸಲಾರದು. ತಪ್ಪಿದಾಗಲೆಲ್ಲ ಗುಳಿಯ ಅಂಚೂ ಎಲುಬಿನ ತಲೆಯೂ ಸವೆಯುತ್ತವೆ. ಕೀಲು-ಶಸ್ತ್ರಚಿಕಿತ್ಸಕರಿಗೆ ತೋರಿಸಿ ಎಂಆರ್‌ಐ ಮಾಡಿಸಿರಿ. ದುರ್ಬೀನಿನ ಮೂಲಕ ಲೇಬ್ರಮ್ ಹೊಲಿಯುವ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಅದಾದರೆ ಕಂಬ ಹತ್ತಲು ಕಡಿಮೆಯೆಂದರೂ ಆರು ತಿಂಗಳು.

ಇನ್ನೊಂದು ಮಾತನ್ನು ನಿಮ್ಮ ಸಹೋದ್ಯೋಗಿಗಳಿಗೂ ತಿಳಿಸಿರಿ. ಮೈದಾನದಲ್ಲಿ ಭುಜವನ್ನು ಎಳೆದು ಕೂಡಿಸಬಾರದು. ಹೊರಗಿನಿಂದ ಕೀಲು ತಪ್ಪಿದಂತೆ ಕಾಣುವುದು ಗ್ರೋತ್ ಪ್ಲೇಟ್ ಮುರಿತವಾಗಿರಬಹುದು, ಎಳೆದರೆ ಎಲುಬು ಇನ್ನಷ್ಟು ಸರಿಯುತ್ತದೆ, ನರಕ್ಕೂ ಪೆಟ್ಟಾಗಬಹುದು. ತೋಳನ್ನು ಇದ್ದ ಭಂಗಿಯಲ್ಲೇ ಬಟ್ಟೆಯ ಜೋಳಿಗೆಯಲ್ಲಿ ಆಧರಿಸಿ, ಬೆರಳು ಆಡುತ್ತವೆಯೇ, ಭುಜದ ಹೊರಮೈ ಮುಟ್ಟಿದರೆ ತಿಳಿಯುತ್ತದೆಯೇ ನೋಡಿ, ನೇರ ಆಸ್ಪತ್ರೆಗೆ ಒಯ್ಯಿರಿ.

ಪ್ರಶ್ನೆ: ಗದಗಿನಿಂದ ಬರೆಯುತ್ತಿದ್ದೇನೆ. ಹನ್ನೊಂದರ ಮಗಳ ಮೈ ಬಹಳ ಮೆತ್ತಗೆ. ಭುಜದಲ್ಲಿ ಟಕ್ ಟಕ್ ಶಬ್ದ ಬರುತ್ತದೆ, ನೋವಿಲ್ಲ. ತರಬೇತಿಯಲ್ಲಿ ಕೈಗಳನ್ನು ಹಿಂದಕ್ಕೆ ಹಿಡಿದು ಭುಜ ಒತ್ತಿ ಬಾಗಿಸುತ್ತಾರೆ. ಇದು ಸರಿಯೇ?

ಉತ್ತರ: ನೋವು, ಜಾರಿದ ಅನುಭವ, ನಿಶ್ಶಕ್ತಿ ಯಾವುದೂ ಇಲ್ಲದ ಬರಿಯ ಶಬ್ದಕ್ಕೆ ಚಿಕಿತ್ಸೆ ಬೇಕಿಲ್ಲ. ಒತ್ತಿ ಬಾಗಿಸುವುದರ ಬಗ್ಗೆ ಮಾತ್ರ ನನ್ನ ಆಕ್ಷೇಪವಿದೆ. ಮನೆಯಲ್ಲಿಯೇ ನೋಡಿರಿ: ಕಿರುಬೆರಳು ಹಿಂದಕ್ಕೆ 90 ಡಿಗ್ರಿ ದಾಟಿ ಬಾಗುತ್ತದೆಯೇ, ಹೆಬ್ಬೆರಳು ಮುಂಗೈಗೆ ತಾಗುತ್ತದೆಯೇ, ಮೊಣಕೈ ಮತ್ತು ಮೊಣಕಾಲು ನೇರವನ್ನೂ ಮೀರಿ ಹಿಂದಕ್ಕೆ ಬಾಗುತ್ತವೆಯೇ, ಮೊಣಕಾಲು ಮಡಿಸದೆ ಎರಡೂ ಅಂಗೈ ನೆಲಕ್ಕೆ ಊರುತ್ತವೆಯೇ. ಕೊನೆಯದು ಜಿಮ್ನಾಸ್ಟಿಕ್ಸ್ ಕಲಿಯುವ ಎಲ್ಲ ಮಕ್ಕಳಿಗೂ ಬರುತ್ತದೆ, ಅದಕ್ಕೆ ಹೆಚ್ಚು ತೂಕ ಕೊಡಬೇಡಿರಿ. ಉಳಿದವುಗಳಲ್ಲಿ ಹೆಚ್ಚಿನವು ಹೌದಾದರೆ ಅವಳ ಅಸ್ಥಿರಜ್ಜುಗಳು ಹುಟ್ಟಿನಿಂದಲೇ ಸಡಿಲ. ಅಂಥ ಮಗುವಿಗೆ ಇನ್ನಷ್ಟು ಬಾಗುವಿಕೆ ಬೇಕಾಗಿಲ್ಲ, ಇರುವ ಬಾಗುವಿಕೆಯನ್ನು ಹಿಡಿದಿಡುವ ಸ್ನಾಯುಬಲ ಬೇಕು. ಬೇರೊಬ್ಬರು ಮೇಲಿನಿಂದ ಭಾರ ಹಾಕಿ ಭುಜ ಹಿಗ್ಗಿಸುವುದು ಅವಳಿಗೆ ಪೂರ್ತಿ ನಿಲ್ಲಲಿ. ಅವಳೇ ತನ್ನ ಬಲದಿಂದ ತೋಳನ್ನು ಎಷ್ಟು ಮೇಲೆತ್ತಬಲ್ಲಳೋ ಅಲ್ಲಿಗೆ ಸಾಕು. ಕೋಚ್ ಬಳಿ ಮಾತಾಡುವಾಗ ಬೆರಳು-ಮೊಣಕೈಗಳನ್ನು ಅವರೆದುರಿಗೇ ಬಾಗಿಸಿ ತೋರಿಸಲು ಮಗಳಿಗೆ ಹೇಳಿರಿ. ಭುಜ ಒಮ್ಮೆಯಾದರೂ ಜಾರಿದಂತಾಯಿತೆಂದು ಅವಳು ಹೇಳಿದರೆ ಆ ವಾರದಲ್ಲಿಯೇ ವೈದ್ಯರಿಗೆ ತೋರಿಸಿರಿ.