ಸೈಕಲ್ ಕಳವಾದರೆ ವಿಮೆ ಹಣ ಬರುತ್ತದೆಯೇ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಮಗನಿಗೆ 42,000 ರೂಪಾಯಿ ಕೊಟ್ಟು ಗೇರ್ ಸೈಕಲ್ ಕೊಡಿಸಿದ್ದೇವೆ. ಸ್ಕೂಟರಿಗೆ ಮಾಡಿಸುವ ಹಾಗೆ ಇದಕ್ಕೂ ವಿಮೆ ಮಾಡಿಸಬಹುದೇ? ಮನೆಗೆ ವಿಮೆ ಇದೆಯಲ್ಲ, ಸೈಕಲ್ಲೂ ಅದರಲ್ಲೇ ಸೇರುತ್ತದೆ ಎನ್ನುತ್ತಾರೆ ಏಜೆಂಟರು. ನಿಜವೇ?
— ಗೃಹಿಣಿ, ಮೈಸೂರು

ಸೈಕಲ್ಲಿಗೆ ಆರ್‌ಟಿಒ ನೋಂದಣಿ ಇಲ್ಲ, ವಿಮೆ ಕಡ್ಡಾಯವೂ ಅಲ್ಲ. ಮಾಡಿಸಬೇಕೆಂದರೆ ದಾರಿ ಎರಡು. ಕೆಲವು ಕಂಪನಿಗಳು ಸೈಕಲ್ಲಿಗೆಂದೇ ಪಾಲಿಸಿ ಕೊಡುತ್ತವೆ. ಇಲ್ಲವಾದರೆ ಗೃಹ ವಿಮೆಯೊಳಗೆ ಸೈಕಲ್ಲನ್ನು ಸೇರಿಸಬೇಕು.

ಏಜೆಂಟರ ಮಾತನ್ನು ಹಾಗೇ ನಂಬಬೇಡಿ. ನಿಮ್ಮದು ಯಾವ ಗೃಹ ವಿಮೆ ಎಂದು ಮೊದಲು ನೋಡಿ. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಮಾರುವ ‘ಭಾರತ್ ಗೃಹ ರಕ್ಷಾ’ ಮುಖ್ಯವಾಗಿ ಬೆಂಕಿ, ನೆರೆ, ಭೂಕಂಪ, ಬಿರುಗಾಳಿಗಳಿಗಾಗಿ ಇರುವ ಪಾಲಿಸಿ. ಅಂಥ ಅನಾಹುತ ನಡೆದು, ಅದರಿಂದಾಗಿ 7 ದಿನದೊಳಗೆ ಕಳವಾದರೆ ಮಾತ್ರ ಅದರಲ್ಲಿ ಪರಿಹಾರ. ಸುಮ್ಮನೆ ಒಂದು ರಾತ್ರಿ ಸೈಕಲ್ ಕಳವಾಯಿತೆಂದರೆ ಅದು ಕೆಲಸಕ್ಕೆ ಬಾರದು.

ಹಳೆಯ ಮಾದರಿಯ ‘ಹೌಸ್‌ಹೋಲ್ಡರ್ಸ್’ ಪಾಲಿಸಿ ಬೇರೆ. ಅದರಲ್ಲಿ ಬೆಂಕಿಗೊಂದು, ಕನ್ನಗಳವಿಗೊಂದು, ಒಡವೆಗೊಂದು ಎಂದು ಭಾಗಗಳಿರುತ್ತವೆ. ‘ಪೆಡಲ್ ಸೈಕಲ್’ ಎಂಬುದೂ ಒಂದು ಭಾಗ. ಆದರೆ ಆ ಭಾಗವನ್ನು ನೀವು ಕೇಳಿ ತೆಗೆದುಕೊಂಡಿರಬೇಕು. ಪಾಲಿಸಿಯ ಷೆಡ್ಯೂಲ್ ಹಾಳೆಯಲ್ಲಿ ಅದರ ಮುಂದೆ ಮೊತ್ತ ಬರೆದಿರಬೇಕು. ಅಲ್ಲಿ ಸೊನ್ನೆ ಅಥವಾ ಗೀಟು ಇದ್ದರೆ ನಿಮ್ಮ ಸೈಕಲ್ಲಿಗೆ ವಿಮೆ ಇಲ್ಲ ಎಂದೇ ಅರ್ಥ. ಆ ಭಾಗದಲ್ಲೂ ಸಾಮಾನ್ಯವಾಗಿ ಎರಡು ವಿನಾಯಿತಿ ಇರುತ್ತವೆ: ಸೈಕಲ್ ಬಿಟ್ಟು ಬಿಡಿಭಾಗ ಮಾತ್ರ ಕದ್ದರೆ ಹಣವಿಲ್ಲ, ಬಾಡಿಗೆಗೆ ಅಥವಾ ರೇಸಿಗೆ ಬಳಸುವಾಗ ಹೋದರೂ ಇಲ್ಲ.

ಕಂತು ಕಟ್ಟುವ ಮೊದಲು ಇಮೇಲ್‌ನಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ: ಶಾಲೆ, ಟ್ಯೂಷನ್, ಅಂಗಡಿ ಮುಂದೆ ನಿಲ್ಲಿಸಿದಾಗ ಕಳವಾದರೆ ಕೊಡುತ್ತೀರಾ? ಎಂಥ ಬೀಗ ಇರಬೇಕು? ಕೊಡುವುದು ಹೊಸದರ ಬೆಲೆಯೋ, ಸವಕಳಿ ಕಳೆದ ಬೆಲೆಯೋ? ಪ್ರತಿ ಕ್ಲೇಮಿನಲ್ಲಿ ನಮ್ಮ ಪಾಲು ಎಷ್ಟು? ಮೊದಲ ಪ್ರಶ್ನೆಗೆ ‘ಇಲ್ಲ’ ಎಂದರೆ ಆ ಪಾಲಿಸಿ ಬೇಡ. ಮಕ್ಕಳ ಸೈಕಲ್ ಕಳವಾಗುವುದು ಹೆಚ್ಚಾಗಿ ಮನೆಯ ಹೊರಗೇ.

ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಬೀಗ ಹಾಕಿ ನಿಲ್ಲಿಸಿದ್ದ ಸೈಕಲ್ ಹೋಯಿತು. ಗೃಹ ವಿಮೆಯಲ್ಲಿ ಕಳ್ಳತನದ ರಕ್ಷಣೆ ಇತ್ತು. ‘ಬಲಪ್ರಯೋಗ ಮಾಡಿ ಒಳಹೊಕ್ಕ ಗುರುತಿಲ್ಲ’ ಎಂದು ಕಂಪನಿ ಕೈಯೆತ್ತಿದೆ. ಕದ್ದದ್ದು ಕಳ್ಳತನವಲ್ಲವೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಅತಿ ಹೆಚ್ಚು ಜನ ಎಡವುವ ಜಾಗ ಇದೇ. ನಾವು ಮಾತಿನಲ್ಲಿ ಎಲ್ಲವನ್ನೂ ಕಳ್ಳತನ ಎನ್ನುತ್ತೇವೆ. ಪಾಲಿಸಿಯಲ್ಲಿ ‘ಬರ್ಗ್ಲರಿ’ ಬೇರೆ, ‘ಥೆಫ್ಟ್’ ಬೇರೆ. ಬರ್ಗ್ಲರಿ ಎಂದರೆ ಬಾಗಿಲು, ಕಿಟಕಿ, ಬೀಗ ಮುರಿದು, ಬಲಪ್ರಯೋಗದಿಂದ ಒಳಹೊಕ್ಕು ಕದಿಯುವುದು, ಅಂದರೆ ಕನ್ನಗಳವು. ಪಾಲಿಸಿಯಲ್ಲಿ ಹಾಗೆ ಬರೆದಿದ್ದರೆ ಬಲಪ್ರಯೋಗ ನಡೆದಿರಲೇಬೇಕು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ, ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಮತ್ತು ಹರ್‌ಚಂದ್ ರಾಯ್ ಚಂದನ್ ಲಾಲ್ ನಡುವಿನ ಪ್ರಕರಣದಲ್ಲಿ ಹೇಳಿದೆ. ಕಂಪನಿಗಳು ಹಿಡಿದುಕೊಳ್ಳುವುದು ಈ ತೀರ್ಪನ್ನೇ.

ಜೊತೆಗೆ ‘ವಿಮೆ ಮಾಡಿದ ಆವರಣ’ ಎಂದರೆ ಯಾವುದು ಎಂಬ ಪ್ರಶ್ನೆಯೂ ಬರುತ್ತದೆ. ಷೆಡ್ಯೂಲ್‌ನಲ್ಲಿ ಫ್ಲ್ಯಾಟ್ ನಂಬರ್ ಮಾತ್ರ ಇದ್ದರೆ ಬೇಸ್‌ಮೆಂಟ್ ಅದರೊಳಗೆ ಬರುವುದಿಲ್ಲ ಎಂದು ಅವರು ವಾದಿಸುತ್ತಾರೆ.

ಹಾಗೆಂದು ಇಲ್ಲಿಗೇ ಬಿಡಬೇಡಿ. ಮೂರು ವಿಷಯ ನೋಡಿ. ಪಾಲಿಸಿಯಲ್ಲಿ ಪೆಡಲ್ ಸೈಕಲ್ ಭಾಗ ಪ್ರತ್ಯೇಕವಾಗಿ ಇದ್ದರೆ ಕ್ಲೇಮನ್ನು ಆ ಭಾಗದಡಿ ಪರಿಶೀಲಿಸಿ ಎಂದು ಬರೆಯಿರಿ. ಭಾಗ ಬೇರೆಯಾದರೆ ಷರತ್ತೂ ಬೇರೆ. ಕನ್ನಗಳವಿನ ವ್ಯಾಖ್ಯೆಯನ್ನು ತಂದು ಇಲ್ಲಿ ಅಂಟಿಸಲು ಬರುವುದಿಲ್ಲ. ಎರಡನೆಯದು, ತುಂಡಾದ ಬೀಗ ಸಿಕ್ಕಿತ್ತೇ? ಕಟರ್‌ನಿಂದ ಕತ್ತರಿಸಿದ ಕೇಬಲ್ಲಿನ ತುದಿಯಲ್ಲಿ ತಂತಿಗಳು ಒಂದೇ ಮಟ್ಟಕ್ಕೆ, ಚಪ್ಪಟೆಯಾಗಿ ಇರುತ್ತವೆ. ಬಿದ್ದ ಜಾಗದಲ್ಲೇ ಅದರ ಫೋಟೊ ತೆಗೆದು, ಪಂಚನಾಮೆಯಲ್ಲಿ ಸೇರಿಸಲು ಪೊಲೀಸರಿಗೆ ಹೇಳಿ. ಹಲವರು ಅದನ್ನು ಕಸವೆಂದು ಎಸೆದುಬಿಡುತ್ತಾರೆ. ಎಸೆದದ್ದು ಸಾಕ್ಷ್ಯ. ಮೂರನೆಯದು ಸಿಸಿಟಿವಿ. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಅಸೋಸಿಯೇಷನ್‌ನವರಿಗೆ ಅದೇ ದಿನ ಲಿಖಿತ ಮನವಿ ಕೊಟ್ಟು ಪೆನ್‌ಡ್ರೈವ್‌ಗೆ ತೆಗೆಸಿ.

ಸೈಕಲ್ ಹೋಯಿತೆಂದು ಠಾಣೆಗೆ ಹೋದರೆ ‘ಆ್ಯಪ್‌ನಲ್ಲಿ ಇ-ಲಾಸ್ಟ್ ಹಾಕಿಕೊಳ್ಳಿ’ ಎಂದು ಕಳಿಸಿದರು. ಹಾಕಿದೆ. ವಿಮೆಯವರು ಅದನ್ನು ಒಪ್ಪುತ್ತಿಲ್ಲ.
— ಉಪನ್ಯಾಸಕರು, ದಾವಣಗೆರೆ

ಒಪ್ಪದಿರುವುದು ಸರಿಯೇ. ಇ-ಲಾಸ್ಟ್ ಇರುವುದು ಕಳೆದುಹೋದ ವಸ್ತುಗಳಿಗೆ. ಕಳೆದುಹೋಗುವುದು ಬೇರೆ, ಕಳವಾಗುವುದು ಬೇರೆ. ನೀವೇ ‘ಕಳೆದುಹೋಗಿದೆ’ ಎಂದು ಬರೆದುಕೊಟ್ಟಂತಾಗಿದೆ. ಈಗ ತಡಮಾಡದೆ ‘ಕಳವಾಗಿದೆ’ ಎಂದು ಸ್ಪಷ್ಟವಾಗಿ ಲಿಖಿತ ದೂರು ಕೊಡಿ. ಮೊದಲು ಇ-ಲಾಸ್ಟ್ ಹಾಕಿದ್ದು ಯಾಕೆ ಎಂಬುದನ್ನೂ ಅದರಲ್ಲೇ ಒಂದು ಸಾಲಿನಲ್ಲಿ ಬರೆಯಿರಿ. ಸೈಕಲ್ಲಿನ ಕಂಪನಿ, ಮಾದರಿ, ಬಣ್ಣ, ಫ್ರೇಮ್ ನಂಬರ್, ನಿಲ್ಲಿಸಿದ ಜಾಗ, ಕೊನೆಗೆ ಕಂಡ ಸಮಯ, ಬೀಗದ ವಿವರ, ಬೆಲೆ, ಇಷ್ಟೂ ಇರಲಿ.

ಬೆಲೆ ಬರೆಯುವುದು ಮುಖ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳ್ಳತನಕ್ಕೆ ಕಲಂ 303. ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದರೆ ಅದು ಅಸಂಜ್ಞೇಯ (ಕೋರ್ಟಿನ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡಲಾಗದ) ಅಪರಾಧದ ಸಾಲಿಗೆ ಹೋಗುತ್ತದೆ, ಆಗ ಸಿಗುವುದು ಎಫ್‌ಐಆರ್ ಅಲ್ಲ, ಎನ್‌ಸಿಆರ್, ಅಂದರೆ ಅಸಂಜ್ಞೇಯ ಅಪರಾಧದ ವರದಿ. ಬಿಲ್ ತೋರಿಸದಿದ್ದರೆ ಠಾಣೆಯಲ್ಲಿ ‘ಹಳೇ ಸೈಕಲ್, ಮೂರು ಸಾವಿರ’ ಎಂದು ಬರೆದುಬಿಡುವುದುಂಟು. ಆಮೇಲೆ ನಿಮ್ಮ 40 ಸಾವಿರದ ಕ್ಲೇಮಿಗೆ ಆ ಒಂದು ಸಾಲೇ ಅಡ್ಡ ಬರುತ್ತದೆ.

ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಪುಕ್ಕಟೆಯಾಗಿ ಕೊಡಬೇಕು. ದಾಖಲಿಸಲು ಒಪ್ಪದಿದ್ದರೆ ಅದೇ ದೂರನ್ನು ಜಿಲ್ಲಾ ಎಸ್‌ಪಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಲು ಪೊಲೀಸ್ ಮತ್ತು ಕೋರ್ಟಿನ ಕಾರ್ಯವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಲ್ಲಿ ಅವಕಾಶವಿದೆ. ಕೊನೆಯಲ್ಲಿ ವಿಮೆಯವರು ‘ಪತ್ತೆಯಾಗಿಲ್ಲ’ ಎಂಬ ವರದಿ ಕೇಳುತ್ತಾರೆ. ನಮ್ಮ ಠಾಣೆಗಳಲ್ಲಿ ಅದಕ್ಕೆ ‘ಸಿ ರಿಪೋರ್ಟ್’ ಎನ್ನುತ್ತಾರೆ. ‘ಬಿ ರಿಪೋರ್ಟ್’ ಅಲ್ಲ. ಬಿ ರಿಪೋರ್ಟನ್ನು ದೂರು ಸುಳ್ಳು ಅಥವಾ ಸಾಕ್ಷ್ಯವಿಲ್ಲ ಎಂಬಂಥ ಕಾರಣಕ್ಕೆ ಹಾಕುತ್ತಾರೆ, ಬಂದರೆ ಕ್ಲೇಮು ಕೆಡುತ್ತದೆ. ಸಿ ರಿಪೋರ್ಟಿಗೆ ತಿಂಗಳುಗಳು ಹಿಡಿಯಬಹುದು. ಅಲ್ಲಿಯವರೆಗೆ ‘ತನಿಖೆಯಲ್ಲಿದೆ’ ಎಂದು ಠಾಣೆಯಿಂದ ಹಿಂಬರಹ ಪಡೆದು ಕಂಪನಿಗೆ ಕೊಡುತ್ತಿರಿ.

ಕಳವಾದ ಐದನೇ ದಿನ ವಿಮೆ ಕಂಪನಿಗೆ ತಿಳಿಸಿದೆ. ಪೊಲೀಸ್ ದೂರನ್ನು ಕಳವಾದ ದಿನವೇ ಕೊಟ್ಟಿದ್ದೆ. ತಡವಾಯಿತೆಂದು ತಿರಸ್ಕರಿಸಿದ್ದಾರೆ.
— ಬ್ಯಾಂಕ್ ನೌಕರರು, ಹಾಸನ

ಪೊಲೀಸರಿಗೆ ಕೂಡಲೇ ತಿಳಿಸಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನು ತಿರಸ್ಕರಿಸಬಾರದು ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಗುರ್‌ಶಿಂದರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಅದು ವಾಹನ ಕಳವಿನ ಪ್ರಕರಣ, ಆದರೂ ನಿಮ್ಮ ಪತ್ರದಲ್ಲಿ ಉಲ್ಲೇಖಿಸಲು ಯೋಗ್ಯ. ಪೊಲೀಸರಿಗೇ ತಡವಾಗಿ ಹೇಳಿದ್ದರೆ ಈ ತೀರ್ಪು ನೆರವಿಗೆ ಬಾರದು.

ಫ್ರೇಮ್ ನಂಬರ್ ಎಲ್ಲಿರುತ್ತದೆ? ಬಿಲ್ ಕಳೆದುಹೋಗಿದ್ದರೆ ಏನು ಮಾಡಬೇಕು?
— ಪಿಯುಸಿ ವಿದ್ಯಾರ್ಥಿ, ಧಾರವಾಡ

ಸೈಕಲ್ಲನ್ನು ತಲೆಕೆಳಗು ಮಾಡಿ, ಸೀಟು ಮತ್ತು ಹ್ಯಾಂಡಲ್ ಮೇಲೆ ನಿಲ್ಲಿಸಿ. ಎರಡು ಪೆಡಲ್‌ಗಳನ್ನು ಜೋಡಿಸುವ ಅಚ್ಚು ಹಾದುಹೋಗುವ ದಪ್ಪ ಕೊಳವೆ ಕಾಣುತ್ತದೆ. ಈಗ ಮೇಲೆ ಕಾಣುವ ಅದರ ಹೊಟ್ಟೆಯಲ್ಲಿ ನಂಬರ್ ಕೊರೆದಿರುತ್ತದೆ. ಅಲ್ಲಿಲ್ಲದಿದ್ದರೆ ಹ್ಯಾಂಡಲ್ ಕೂರುವ ಕೊಳವೆಯ ಮುಂಭಾಗ, ಸೀಟಿನ ಕೆಳಗಿನ ಕೊಳವೆ, ಹಿಂದಿನ ಚಕ್ರದ ನಟ್ಟಿನ ಹತ್ತಿರ ಹುಡುಕಿ. ಕೆಸರು, ಗ್ರೀಸ್ ಮೆತ್ತಿ ಅಂಕಿ ಮುಚ್ಚಿರುತ್ತದೆ. ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಸೀಮೆಸುಣ್ಣ ತಿಕ್ಕಿ, ಬೆರಳಿನಿಂದ ಮೆಲ್ಲಗೆ ಸವರಿ. ಕೊರೆದ ಗೆರೆಗಳಲ್ಲಿ ಸುಣ್ಣ ಉಳಿದು ನಂಬರ್ ಬೆಳ್ಳಗೆ ಎದ್ದು ಕಾಣುತ್ತದೆ. ಟಾರ್ಚನ್ನು ಪಕ್ಕದಿಂದ ಹಿಡಿದು ಫೋಟೊ ತೆಗೆಯಿರಿ. ಇಡೀ ಸೈಕಲ್ಲಿನದೂ, ಬೀಗ ಹಾಕಿದ ಸ್ಥಿತಿಯದೂ ಒಂದೊಂದು ತೆಗೆದು ಇಮೇಲ್‌ಗೆ ಕಳಿಸಿಕೊಳ್ಳಿ.

ಸೊನ್ನೆಗೂ ‘ಓ’ ಅಕ್ಷರಕ್ಕೂ, ಎಂಟಕ್ಕೂ ‘ಬಿ’ಗೂ, ಒಂದಕ್ಕೂ ‘ಐ’ಗೂ ವ್ಯತ್ಯಾಸ ನೋಡಿ ಬರೆಯಿರಿ. ಬಿಲ್, ಪಾಲಿಸಿ, ಎಫ್‌ಐಆರ್ ಮೂರರಲ್ಲೂ ಒಂದೇ ನಂಬರ್ ಇರಬೇಕು. ಒಂದು ಅಂಕಿ ಹೆಚ್ಚುಕಡಿಮೆಯಾದರೂ ‘ಇದು ಬೇರೆ ಸೈಕಲ್’ ಎಂಬ ಆಕ್ಷೇಪ ಬರುತ್ತದೆ. ಹೊಸದನ್ನು ಕೊಳ್ಳುವಾಗ ಅಂಗಡಿಯವರಿಂದ ಬಿಲ್ಲಿನ ಮೇಲೇ ನಂಬರ್ ಬರೆಸಿ, ಸೀಲ್ ಹಾಕಿಸಿ.

ಬಿಲ್ ಇಲ್ಲದಿದ್ದರೆ ಅಂಗಡಿಗೆ ಹೋಗಿ ನಿಮ್ಮ ಮೊಬೈಲ್ ನಂಬರ್ ಹೇಳಿ. ಕಂಪ್ಯೂಟರ್ ಬಿಲ್ಲಾಗಿದ್ದರೆ ನಕಲು ತೆಗೆದುಕೊಡುತ್ತಾರೆ. ಅದೂ ಸಿಗದಿದ್ದರೆ ಹಣ ಪಾವತಿಸಿದ ದಿನದ ಬ್ಯಾಂಕ್ ಅಥವಾ ಯುಪಿಐ ವಿವರ, ವಾರಂಟಿ ಕಾರ್ಡ್, ಸರ್ವಿಸ್ ಚೀಟಿ ಕೂಡಿಡಿ.

ಚಕ್ರ, ಸೀಟು ಕದ್ದರು. 12,000 ನಷ್ಟ. ಬಿಡಿಭಾಗಕ್ಕೂ ರಕ್ಷಣೆ ಇರುವ ಪಾಲಿಸಿ ಇತ್ತು. ಬರೀ 8,000 ಕೊಡುತ್ತೇವೆ, ಪೂರ್ಣ ಪರಿಹಾರ ಎಂದು ಸಹಿ ಹಾಕಿ ಎನ್ನುತ್ತಿದ್ದಾರೆ.
— ವ್ಯಾಪಾರಿ, ಮಂಗಳೂರು

ನಷ್ಟ ಅಂದಾಜು ಮಾಡುವ ಸರ್ವೇಯರ್ ವರದಿಯ ಪ್ರತಿ ಕೇಳಿ ಪಡೆಯಿರಿ, ಲೆಕ್ಕ ಅದರಲ್ಲಿರುತ್ತದೆ. ಬಹುಶಃ ಇದು ‘ಆ್ಯವರೇಜ್’ ಷರತ್ತು. ಉದಾಹರಣೆಗೆ ಸೈಕಲ್ಲಿನ ಬೆಲೆ 48,000, ನೀವು ವಿಮೆ ಮಾಡಿಸಿದ್ದು 36,000ಕ್ಕೆ. ಅಂದರೆ ನಾಲ್ಕರಲ್ಲಿ ಮೂರು ಪಾಲು. ಆಗ ಯಾವ ನಷ್ಟವಾದರೂ ಮುಕ್ಕಾಲು ಪಾಲೇ ಸಿಗುವುದು: 12,000ಕ್ಕೆ 9,000. ಅದರಲ್ಲಿ ನಿಮ್ಮ ಪಾಲಿನ 1,000 ಕಳೆದರೆ 8,000. ಕಂತು ಉಳಿಸಲು ಬೆಲೆ ಕಡಿಮೆ ತೋರಿಸಿದವರಿಗೆಲ್ಲ ಹೀಗೇ ಆಗುತ್ತದೆ.

ಲೆಕ್ಕ ಹಾಗಿಲ್ಲದಿದ್ದರೆ, ‘ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಬರೆದು ಸಹಿ ಮಾಡಿ, ಅದೇ ದಿನ ಇಮೇಲ್‌ನಲ್ಲೂ ತಿಳಿಸಿ. ವೋಚರ್‌ಗೆ ಸಹಿ ಹಾಕಿದ ಮಾತ್ರಕ್ಕೆ ಗ್ರಾಹಕರ ಹಕ್ಕು ಹೋಗುವುದಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2015ರಲ್ಲೇ ಕಂಪನಿಗಳಿಗೆ ತಿಳಿಸಿದೆ.

ಎರಡು ತಿಂಗಳಾಯಿತು. ಕಾಲ್ ಸೆಂಟರ್‌ಗೆ ಮಾಡಿದಾಗಲೆಲ್ಲ ‘ಪ್ರೋಸೆಸ್‌ನಲ್ಲಿದೆ’ ಎನ್ನುತ್ತಾರೆ. ವಕೀಲರನ್ನು ಇಡಬೇಕೇ?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ವಕೀಲರು ಬೇಡ. ಫೋನ್ ಮಾಡುವುದನ್ನೂ ನಿಲ್ಲಿಸಿ. ಇನ್ನು ಮುಂದೆ ಎಲ್ಲವೂ ಬರಹದಲ್ಲಿರಲಿ. ಪ್ರತಿ ಕಂಪನಿಗೂ ಕುಂದುಕೊರತೆ ಅಧಿಕಾರಿ ಇರಬೇಕು, ವಿಳಾಸ ಪಾಲಿಸಿ ಪುಸ್ತಿಕೆಯಲ್ಲೇ ಇರುತ್ತದೆ. ಕ್ಲೇಮ್ ನಂಬರ್, ಕೊಟ್ಟ ದಾಖಲೆಗಳ ಪಟ್ಟಿ, ಕೊಟ್ಟ ದಿನಾಂಕ ಬರೆದು, ‘ತಿರಸ್ಕರಿಸುವುದಾದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಬರಹದಲ್ಲಿ ತಿಳಿಸಿ’ ಎಂದು ಕೇಳಿ. ಐಆರ್‌ಡಿಎಐಯ ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲಿ ಅಥವಾ 155255ಕ್ಕೆ ಕರೆ ಮಾಡಿ ಅದೇ ದೂರನ್ನು ದಾಖಲಿಸಿ, ಟೋಕನ್ ನಂಬರ್ ಇಟ್ಟುಕೊಳ್ಳಿ. ಪ್ರಾಧಿಕಾರ ತಾನೇ ತೀರ್ಪು ಕೊಡುವುದಿಲ್ಲ, ಆದರೆ ದೂರು ಅದರ ಕಣ್ಣಿಗೆ ಬಿದ್ದಿದೆ ಎಂದಾಗ ಕಡತ ಅಲುಗಾಡುತ್ತದೆ.

ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮೆ ದೂರುಗಳನ್ನು ವಿಚಾರಿಸಿ ಆದೇಶ ಕೊಡುವ ವಿಮಾ ಒಂಬುಡ್ಸ್‌ಮನ್‌ಗೆ ಹೋಗಿ. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧ ಕಟ್ಟಡದಲ್ಲಿದೆ. ಆನ್‌ಲೈನ್‌ನಲ್ಲೂ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರಿಗೆ ಪ್ರವೇಶವೂ ಇಲ್ಲ. ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು. ಒಂಬುಡ್ಸ್‌ಮನ್ ಆದೇಶವನ್ನು ಕಂಪನಿ 30 ದಿನದಲ್ಲಿ ಪಾಲಿಸಬೇಕು. ಒಂದು ಎಚ್ಚರ: ಗ್ರಾಹಕರ ಆಯೋಗದಲ್ಲಿ ಈಗಾಗಲೇ ಪ್ರಕರಣ ಹೂಡಿದ್ದರೆ ಇಲ್ಲಿ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಮೊದಲು ಒಂಬುಡ್ಸ್‌ಮನ್, ಸಮಾಧಾನವಾಗದಿದ್ದರೆ ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. ಅಲ್ಲಿ ಎರಡು ವರ್ಷದ ಗಡುವು ಇದೆ, ನಿಮ್ಮ ಊರಿನಲ್ಲೇ ದೂರು ಹೂಡಬಹುದು.

ಕೇಂಬ್ರಿಜ್‌ಗೆ ಓದಲು ಬಂದಿದ್ದೇನೆ. ಇಲ್ಲಿ ಸೈಕಲ್ ಕಳವು ವಿಪರೀತ. ಏನು ನೋಡಿ ವಿಮೆ ಮಾಡಿಸಲಿ?
— ಸಂಶೋಧನಾ ವಿದ್ಯಾರ್ಥಿನಿ, ಇಂಗ್ಲೆಂಡ್

ಅಲ್ಲಿ ಬೀಗದ ಮೇಲೆ ಎಲ್ಲವೂ ನಿಂತಿದೆ. ಬೀಗಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ‘ಸೋಲ್ಡ್ ಸೆಕ್ಯೂರ್’ ಸಂಸ್ಥೆಯ ದರ್ಜೆ ಪಡೆದ ಬೀಗವನ್ನು ಬಹಳಷ್ಟು ಕಂಪನಿಗಳು ಕೇಳುತ್ತವೆ. ಸೈಕಲ್ಲಿನ ಬೆಲೆ ಏರಿದಂತೆ ಬೆಳ್ಳಿ, ಚಿನ್ನದ ದರ್ಜೆ ಬೇಕಾಗುತ್ತದೆ. ಬೀಗದ ರಸೀದಿ ಇಟ್ಟುಕೊಳ್ಳಿ. ಅಲುಗದ ಕಂಬಕ್ಕೆ ಫ್ರೇಮನ್ನೇ ಕಟ್ಟಿರಬೇಕು. ರೈಲು ನಿಲ್ದಾಣದಲ್ಲಿ ದಿನಗಟ್ಟಲೆ ಬಿಟ್ಟರೆ ರಕ್ಷಣೆ ತಪ್ಪಬಹುದು, ಎಷ್ಟು ಗಂಟೆ ಎಂದು ಪಾಲಿಸಿಯಲ್ಲಿ ನೋಡಿ. ಮನೆಸಾಮಾನಿನ ವಿಮೆಯಲ್ಲಿ ಸೇರಿಸುವುದಾದರೆ ‘ಮನೆಯ ಹೊರಗೆ’ ಎಂಬ ರಕ್ಷಣೆಯನ್ನೂ, ಒಂದೇ ವಸ್ತುವಿಗೆ ಗರಿಷ್ಠ ಎಷ್ಟು ಎಂಬುದನ್ನೂ ಗಮನಿಸಿ. ಫ್ರೇಮ್ ನಂಬರನ್ನು ಅಲ್ಲಿನ ಪೊಲೀಸರು ನೋಡುವ ಸೈಕಲ್ ನೋಂದಣಿ ತಾಣ ಬೈಕ್‌ರಿಜಿಸ್ಟರ್‌ನಲ್ಲಿ ದಾಖಲಿಸಿ. ಕಳವಾದರೆ ಪೊಲೀಸರಿಂದ ಕ್ರೈಮ್ ರೆಫರೆನ್ಸ್ ನಂಬರ್ ಬೇಕು. ದೂರಿಗೆ ಉತ್ತರಿಸಲು ಕಂಪನಿಗೆ 8 ವಾರ ಸಮಯ. ಅಂತಿಮ ಉತ್ತರ ಬಂದ 6 ತಿಂಗಳೊಳಗೆ ಫೈನಾನ್ಷಿಯಲ್ ಒಂಬುಡ್ಸ್‌ಮನ್‌ಗೆ ಹೋಗಬಹುದು, ಅದೂ ಪುಕ್ಕಟೆ.

ಬೆಳಗ್ಗೆ ಪೇಪರ್ ಹಾಕುತ್ತೇನೆ. ಹಳೆಯ ಸೈಕಲ್, ಮೂರು ಸಾವಿರ ಬಾಳಬಹುದು. ವಿಮೆ ಮಾಡಿಸಲೇ?
— ಪತ್ರಿಕಾ ವಿತರಕ, ತುಮಕೂರು

ಬೇಡ. ದುಡಿಮೆಗೆ ಬಳಸುವ ಸೈಕಲ್ಲನ್ನು ಎಷ್ಟೋ ಪಾಲಿಸಿಗಳು ಹೊರಗಿಡುತ್ತವೆ. ಬೆಲೆ 5,000ಕ್ಕಿಂತ ಕಡಿಮೆಯಾದ್ದರಿಂದ ಎಫ್‌ಐಆರ್‌ಗೂ ಪರದಾಡಬೇಕಾಗುತ್ತದೆ. ಕಂತಿನ ಹಣವನ್ನು ಬೀಗಕ್ಕೆ ಹಾಕಿ. ಹಿಂದಿನ ಚಕ್ರದ ಬಳೆ ಬೀಗ ಒಂದೇ ಸಾಲದು, ಸೈಕಲ್ಲನ್ನು ಎತ್ತಿ ಗಾಡಿಗೆ ಹಾಕಿಕೊಂಡು ಹೋಗುತ್ತಾರೆ. ತೆಳು ಕೇಬಲ್ ಬೀಗವೂ ಬೇಡ, ಅದು ಕಟರ್‌ಗೆ ಕ್ಷಣದ ಕೆಲಸ. ಗಟ್ಟಿ ಸರಪಳಿಯನ್ನು ಹಿಂದಿನ ಚಕ್ರ ಮತ್ತು ಫ್ರೇಮ್ ಎರಡರ ಒಳಗೂ ಹಾಯಿಸಿ ಕಂಬಕ್ಕೆ ಬಿಗಿಯಾಗಿ ಸುತ್ತಿ. ಸಡಿಲ ಬಿಟ್ಟರೆ ಹಾರೆ ತೂರಿಸಲು ಜಾಗ ಸಿಗುತ್ತದೆ. ಬೀಗ ನೆಲಕ್ಕೆ ತಾಗದಿರಲಿ, ನೆಲಕ್ಕಿಟ್ಟು ಸುತ್ತಿಗೆಯಿಂದ ಒಡೆಯುವುದು ಸುಲಭ. ಕೀಲಿಯ ತೂತು ಕೆಳಮುಖವಾಗಿರಲಿ, ಮಳೆನೀರು ಇಳಿದು ತುಕ್ಕು ಹಿಡಿಯುವುದಿಲ್ಲ.